ಎರಡನೇ ಆಸಿಲೇಟರ್ ಸೇರಿಸಿದ ಮೇಲೆ ಸಿಂಥ್‌ನ +12 ವೋಲ್ಟ್ ನಿಲ್ಲುತ್ತಿಲ್ಲ, ಪಿಚ್ ಅಲ್ಲಾಡುತ್ತಿದೆ

ಗರಗಸ ಅಲೆ

ಎಲ್ಲರಿಗೂ ನಮಸ್ಕಾರ. ನಾನೇ ಕಟ್ಟಿದ ಮಾಡ್ಯುಲರ್ ಸಿಂಥ್ (ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸಿದ ಎಲೆಕ್ಟ್ರಾನಿಕ್ ವಾದ್ಯ) ಇದು. ಎರಡು ವಿಸಿಓ (ವೋಲ್ಟೇಜ್‌ಗೆ ತಕ್ಕ ಸ್ವರ ಹುಟ್ಟಿಸುವ ಆಸಿಲೇಟರ್), ಒಂದು ಫಿಲ್ಟರ್, ಒಂದು ವಿಸಿಎ (ಸದ್ದಿನ ಮಟ್ಟ ಏರಿಳಿಸುವುದು), ಎರಡು ಎನ್ವಲಪ್ (ಪ್ರತಿ ಸ್ವರದ ಏರಿಳಿತ ರೂಪಿಸುವುದು), ಒಂದು ಎಲ್‌ಎಫ್‌ಓ (ನಿಧಾನದ ಆಸಿಲೇಟರ್), ಜೊತೆಗೆ ಮೈಕ್ರೋಕಂಟ್ರೋಲರ್ ಹಾಕಿದ ಚಿಕ್ಕ ಸೀಕ್ವೆನ್ಸರ್ (ಸ್ವರಗಳನ್ನು ಸಾಲಾಗಿ ನುಡಿಸುವುದು). ಪವರ್‌ಗೆ 12 ವೋಲ್ಟ್ ಎಸಿ ಅಡಾಪ್ಟರ್, 1 ಆಂಪ್‌ನದು. ಅಡಾಪ್ಟರಿನ ಒಂದು ತಂತಿ ಗ್ರೌಂಡ್. ಇನ್ನೊಂದು ತಂತಿಯಿಂದ ಒಂದು ಡಯೋಡ್ ಪ್ಲಸ್ ಕಡೆಗೆ, ಒಂದು ಮೈನಸ್ ಕಡೆಗೆ. ಎರಡೂ ಕಡೆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಆಮೇಲೆ +12ಕ್ಕೆ 7812 ಮತ್ತು −12ಕ್ಕೆ 7912 ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್).

ಒಂದೇ ವಿಸಿಓ ಇದ್ದಾಗ ಏನೂ ತೊಂದರೆ ಇರಲಿಲ್ಲ. ಎರಡನೆಯದನ್ನೂ ಸೀಕ್ವೆನ್ಸರನ್ನೂ ಸೇರಿಸಿದ ಮೇಲೆ ಔಟ್‌ಪುಟ್‌ನಲ್ಲಿ ಒರಟಾದ ಗರ್ರ್ ಸದ್ದು ಬರುತ್ತಿದೆ. ಎಲ್‌ಎಫ್‌ಓದ ಎಲ್‌ಇಡಿ ಹತ್ತಿದಾಗ ಸ್ವರವೂ ಸ್ವಲ್ಪ ಜಾರುತ್ತೆ. ಎಲ್‌ಎಫ್‌ಓದಿಂದ ವಿಸಿಓಗೆ ಪ್ಯಾಚ್ ಕೇಬಲ್ಲೇ ಹಾಕಿಲ್ಲ!

ಮಾಡ್ಯೂಲ್ ಯಾವುದೂ ಇಲ್ಲದಾಗ ಮೀಟರಿನಲ್ಲಿ +12.03 ಮತ್ತು −12.01. ಎಲ್ಲ ಹಾಕಿದಾಗ +11.86 ಮತ್ತು −11.98. 7812 ಬದಲಿಸಿ ನೋಡಿದೆ, ರೀಡಿಂಗ್ ಅದೇ. 0.17 ವೋಲ್ಟ್ ಇಳಿದದ್ದಕ್ಕೆ ಇಷ್ಟೊಂದು ಆಗುತ್ತಾ? ಎಲ್ಲಿಂದ ಹುಡುಕಲಿ?

ಕಪ್ಪು ಪ್ರೋಬ್

ಆಗುತ್ತೆ. ಲೆಕ್ಕ ಹಾಕಿ ನೋಡಿ. ನಿಮ್ಮ ವಿಸಿಓದ ಟ್ಯೂನ್ ನಾಬ್ ತನ್ನ ವೋಲ್ಟೇಜನ್ನು ಎಲ್ಲಿಂದ ತಗೊಳ್ಳುತ್ತೆ? ಹೆಚ್ಚಿನ ಡಿಸೈನ್‌ಗಳಲ್ಲಿ ನೇರವಾಗಿ ರೈಲ್‌ನಿಂದಲೇ (ಎಲ್ಲ ಮಾಡ್ಯೂಲ್‌ಗೂ ಹೋಗುವ +12, −12 ಲೈನ್‌ಗಳಿಂದ). 12ರಲ್ಲಿ 0.17 ಅಂದರೆ ಶೇ. 1.4. ಆ ನಾಬ್ 4 ಆಕ್ಟೇವ್‌ನಷ್ಟು ಎತ್ತಿ ಕೊಡುತ್ತಿದ್ದರೆ, ಅದರಲ್ಲಿ ಶೇ. 1.4 ಅಂದರೆ ಸುಮಾರು 57 ಮಿಲಿ ವೋಲ್ಟ್. ಒಂದು ವೋಲ್ಟ್‌ಗೆ ಒಂದು ಆಕ್ಟೇವ್ ಪದ್ಧತಿಯಲ್ಲಿ ಒಂದು ಸೆಮಿಟೋನ್‌ಗೆ (ಆಕ್ಟೇವ್‌ನ ಹನ್ನೆರಡನೇ ಒಂದು ಭಾಗಕ್ಕೆ) 83.3 ಮಿಲಿ ವೋಲ್ಟ್. ಅಂದರೆ ಅರ್ಧ ಸೆಮಿಟೋನ್‌ಗಿಂತ ಜಾಸ್ತಿ ಜಾರಿತು. ಕಿವಿಗೆ ಇದು ಚೆನ್ನಾಗೇ ಗೊತ್ತಾಗುತ್ತೆ.

ಇನ್ನು ಹುಡುಕುವ ವಿಷಯ. ರೆಗ್ಯುಲೇಟರಿನ ಔಟ್‌ಪುಟ್ ಅಳೆದಿದ್ದೀರಿ. ಇನ್‌ಪುಟ್ ಅಳೆದಿಲ್ಲ. ನನ್ನ ಅನುಭವದಲ್ಲಿ 7812 ತಾನಾಗಿ ಕೆಡೋದು ತುಂಬಾ ಅಪರೂಪ. ಅದಕ್ಕೆ ಬೇಕಾದ್ದು ಸಿಗದೇ ಇರೋದೇ ಜಾಸ್ತಿ. 12 ವೋಲ್ಟ್ ಕೊಡಬೇಕಾದರೆ ಅದಕ್ಕೆ ಸುಮಾರು 14 ವೋಲ್ಟ್ ಒಳಗೆ ಬರಬೇಕು, ಅದೂ ಪ್ರತಿ ಕ್ಷಣ. ಸರಾಸರಿ 14 ಇದ್ದರೆ ಸಾಲದು.

ಅದಕ್ಕೇ ಎಲ್ಲ ಮಾಡ್ಯೂಲ್ ಹಾಕಿಟ್ಟು 7812ರ ಮೊದಲ ಕಾಲಿನಲ್ಲಿ ಡಿಸಿ ಅಳೆಯಿರಿ. ಆಮೇಲೆ ಅದೇ ಜಾಗದಲ್ಲಿ ಮೀಟರನ್ನು ಎಸಿ ರೇಂಜ್‌ಗೆ ಹಾಕಿ ಅಳೆಯಿರಿ. ಒಂದು ಎಚ್ಚರಿಕೆ: ಕೆಲವು ಸಾದಾ ಮೀಟರ್‌ಗಳು ಎಸಿ ರೇಂಜ್‌ನಲ್ಲೂ ಡಿಸಿಯನ್ನು ಸೇರಿಸಿಕೊಂಡು ಸುಳ್ಳು ಸಂಖ್ಯೆ ತೋರಿಸುತ್ತವೆ. ಕೆಂಪು ಪ್ರೋಬ್‌ಗೆ ಸರಣಿಯಲ್ಲಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಿಡಿದು ಅಳೆದರೆ ಡಿಸಿ ಅಲ್ಲೇ ನಿಲ್ಲುತ್ತೆ, ಅಲುಗಾಟ ಮಾತ್ರ ಒಳಗೆ ಹೋಗುತ್ತೆ.

ಮೀಟರಿನ ಬ್ಯಾಟರಿಯನ್ನೂ ಒಮ್ಮೆ ನೋಡಿ. ಬ್ಯಾಟರಿ ಸೊರಗಿದಾಗ ಎಷ್ಟೋ ಮೀಟರ್‌ಗಳು ಇರೋದಕ್ಕಿಂತ ಜಾಸ್ತಿ ವೋಲ್ಟೇಜ್ ತೋರಿಸುತ್ತವೆ.

ಬೆಸುಗೆ ಕಡ್ಡಿ

ಅಳೆಯುವಾಗ ಕಪ್ಪು ಪ್ರೋಬನ್ನು ಎಲ್ಲಿ ಇಡುತ್ತೀರಿ ಅನ್ನೋದೂ ಮುಖ್ಯ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳು ಸೇರುವ ಗ್ರೌಂಡ್ ಜಾಗದಲ್ಲೇ ಇಡಿ. ಪ್ಯಾನೆಲ್ ಮೇಲಿನ ಜ್ಯಾಕಿನ ಹೊರಭಾಗಕ್ಕೆ ತಾಗಿಸಿ ಅಳೆದರೆ ನಡುವಿನ ತಂತಿಯಲ್ಲಿ ಬಿಟ್ಟುಹೋದ ವೋಲ್ಟೇಜೂ ಲೆಕ್ಕಕ್ಕೆ ಸೇರುತ್ತೆ.

ಪ್ರತಿ ಮಾಡ್ಯೂಲ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ತಂತಿ ಕತ್ತರಿಸಬೇಕಾಗಿಲ್ಲ. ನಿಮ್ಮ ಮಾಡ್ಯೂಲ್‌ಗಳ ಪವರ್ ಕನೆಕ್ಟರ್ ಪಕ್ಕ 10 ಓಮ್ ರೆಸಿಸ್ಟರ್ ಇದೆಯಾ? ಅದರ ಎರಡು ತುದಿಗೆ ಪ್ರೋಬ್ ಇಟ್ಟು ವೋಲ್ಟೇಜ್ ಅಳೆದು 10ರಿಂದ ಭಾಗಿಸಿ. 0.3 ವೋಲ್ಟ್ ಬಂದರೆ 30 ಮಿಲಿ ಆಂಪ್.

ಇನ್ನೊಂದು ವಿಷಯ. ಆಪ್‌ಆಂಪ್ (ಮಾಡ್ಯೂಲ್ ಒಳಗಿನ ಆಂಪ್ಲಿಫೈಯರ್ ಚಿಪ್) ಕಾಲಿನಲ್ಲಿ 11.7 ಬಂತು ಅಂತ ಕೆಲವರು ಗಾಬರಿಯಾಗುತ್ತಾರೆ. ಆ 10 ಓಮ್‌ನಲ್ಲಿ 0.3 ಬಿಟ್ಟುಹೋಗೋದು ಸಹಜ. ರೆಸಿಸ್ಟರ್ ಬದಲು ಸಾದಾ 1ಎನ್4001 ಡಯೋಡ್ ಇದ್ದರೆ 0.7ರಷ್ಟು ಹೋಗುತ್ತೆ. ಅದು ದೋಷ ಅಲ್ಲ. ಮಾಡ್ಯೂಲ್‌ಗಳಿಗೆ ಪವರ್ ಹಂಚುವ ಬಸ್‌ನಲ್ಲೇ 12 ಇಲ್ಲ ಅಂದರೆ ಮಾತ್ರ ಚಿಂತೆ.

ಗರಗಸ ಅಲೆ

ಇಬ್ಬರಿಗೂ ಧನ್ಯವಾದ. ಅಳೆದೆ.

7812 ಇನ್‌ಪುಟ್: ಲೋಡ್ ಇಲ್ಲದಾಗ 18.4, ಎಲ್ಲ ಹಾಕಿದಾಗ 14.6 ವೋಲ್ಟ್ ಡಿಸಿ. ಎಸಿ ರೇಂಜ್‌ನಲ್ಲಿ, ಕೆಪಾಸಿಟರ್ ಹಿಡಿದು, 0.87 ವೋಲ್ಟ್.

ಕರೆಂಟ್: ಪ್ಲಸ್ ಕಡೆ ಒಟ್ಟು 330 ಮಿಲಿ ಆಂಪ್, ಮೈನಸ್ ಕಡೆ 210. ಪ್ಲಸ್ ಜಾಸ್ತಿ ಯಾಕೆ ಅಂತ ನೋಡಿದೆ. ಸೀಕ್ವೆನ್ಸರ್‌ಗೆ ಬೇಕಾದ 5 ವೋಲ್ಟನ್ನು 7805 ಮೂಲಕ +12ರಿಂದಲೇ ತೆಗೆದಿದ್ದೇನೆ. ಅದೊಂದೇ 80ರ ಹತ್ತಿರ ಎಳೆಯುತ್ತಿದೆ.

14.6 ಇದೆಯಲ್ಲಾ, 14ಕ್ಕಿಂತ ಜಾಸ್ತಿನೇ. ಆದರೂ ಯಾಕೆ ಸಾಲುತ್ತಿಲ್ಲ?

ಕಪ್ಪು ಪ್ರೋಬ್

ಸಿಕ್ಕಿತು. ನಿಮ್ಮ ಉತ್ತರ ಆ 0.87ರಲ್ಲಿದೆ.

14.6 ಅನ್ನೋದು ಮೀಟರ್ ಕೊಟ್ಟ ಸರಾಸರಿ. ಕೆಪಾಸಿಟರ್ ಮೇಲಿನ ಅಲೆ ಹೆಚ್ಚುಕಡಿಮೆ ಗರಗಸದ ಆಕಾರದಲ್ಲಿರುತ್ತೆ. ಅಂಥ ಅಲೆಗೆ ಎಸಿ ರೀಡಿಂಗ್‌ನ ಸುಮಾರು ಮೂರೂವರೆ ಪಟ್ಟು ಅಂದರೆ ತುದಿಯಿಂದ ತುದಿಯ ಎತ್ತರ. ಇಲ್ಲಿ 3 ವೋಲ್ಟ್. ಅಂದರೆ ನಿಮ್ಮ ಇನ್‌ಪುಟ್ 16.1ರಿಂದ 13.1ರ ತನಕ ಏರಿ ಇಳಿಯುತ್ತಿದೆ. ಪ್ರತಿ ಸುತ್ತಿನ ಕೊನೆಯ ಭಾಗದಲ್ಲಿ 14ರ ಕೆಳಗೆ ಹೋಗುತ್ತೆ. ಆ ಹೊತ್ತಿನಲ್ಲಿ ರೆಗ್ಯುಲೇಟರ್ ಕೈಬಿಡುತ್ತೆ, ಔಟ್‌ಪುಟ್ 11 ಚಿಲ್ಲರೆಗೆ ಕುಸಿದು ಮತ್ತೆ 12ಕ್ಕೆ ಏಳುತ್ತೆ. ಸೆಕೆಂಡಿಗೆ 50 ಸಲ ಹೀಗಾಗುತ್ತಿದೆ. ಮೀಟರ್ ಅದನ್ನೆಲ್ಲ ಸವರಿ 11.86 ಅಂತ ಶಾಂತವಾಗಿ ತೋರಿಸುತ್ತಿದೆ. ನೀವು ಕೇಳುತ್ತಿರುವ ಗರ್ರ್ ಆ ಕುಸಿತಗಳದ್ದೇ.

ಲೆಕ್ಕವೂ ತಾಳೆಯಾಗುತ್ತೆ. ರಿಪಲ್ (ಈ ಏರಿಳಿತದ ಎತ್ತರ) ಅಂದರೆ ಕರೆಂಟ್ ಗುಣಿಸು ಸಮಯ, ಭಾಗಿಸು ಕೆಪಾಸಿಟನ್ಸ್. ನಿಮ್ಮದು ಅರ್ಧ ಅಲೆಯ ರೆಕ್ಟಿಫೈಯರ್, ಪ್ರತಿ ಡಯೋಡ್ ಎಸಿ ಅಲೆಯ ಒಂದು ಅರ್ಧವನ್ನಷ್ಟೇ ಬಿಡುತ್ತೆ. ಪ್ರತಿ ಕೆಪಾಸಿಟರ್ ತುಂಬೋದು 20 ಮಿಲಿ ಸೆಕೆಂಡಿಗೆ ಒಂದೇ ಸಲ. 0.33 ಗುಣಿಸು 0.02, ಭಾಗಿಸು 0.0022. ಸರಿಯಾಗಿ 3 ವೋಲ್ಟ್. ನೀರಿನ ಟ್ಯಾಂಕ್ ಇದ್ದ ಹಾಗೆ: ಒಮ್ಮೆ ತುಂಬಿದ ಮೇಲೆ ಮತ್ತೆ ನೀರು ಬಿಡುವ ತನಕ ಮನೆಯವರೆಲ್ಲ ಅದರಲ್ಲೇ ನಡೆಸಬೇಕು. ಮನೆಗೆ ಜನ ಜಾಸ್ತಿಯಾದರು, ಟ್ಯಾಂಕ್ ಹಳೆಯದೇ ಉಳಿಯಿತು.

ಮೈನಸ್ ಕಡೆ 210 ಮಿಲಿ ಆಂಪ್‌ಗೆ ರಿಪಲ್ 1.9 ವೋಲ್ಟ್ ಮಾತ್ರ. ಅದಕ್ಕೇ ಅದು ಇನ್ನೂ ನಿಂತಿದೆ.

ಎರಡೂ ಕಡೆ 4700 ಮೈಕ್ರೋಫ್ಯಾರಡ್ ಹಾಕಿ. ರಿಪಲ್ 1.4ಕ್ಕೆ ಇಳಿಯುತ್ತೆ, ಕೆಳ ತುದಿ 14.7ರ ಹತ್ತಿರ ನಿಲ್ಲುತ್ತೆ. ವೋಲ್ಟೇಜ್ ರೇಟಿಂಗ್ 35 ಇರಲಿ. ಖಾಲಿ ಇದ್ದಾಗಲೇ 18.4 ಬರುತ್ತಿದೆ, ಹಾಗಾಗಿ 16 ವೋಲ್ಟಿನದು ಮುಟ್ಟಲೇಬೇಡಿ. ಬೆಸುಗೆ ಹಾಕುವಾಗ ಧ್ರುವ ಎರಡೆರಡು ಸಲ ನೋಡಿ: ಮೈನಸ್ ಕಡೆಯ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು.

ಬೆಚ್ಚಗಿನ ಚಿಪ್

7812 ಬದಲು ಲೋ ಡ್ರಾಪ್‌ಔಟ್ ರೆಗ್ಯುಲೇಟರ್ ಹಾಕಿದರೆ ಆಗಲ್ವಾ? ಅದಕ್ಕೆ 2 ವೋಲ್ಟ್ ಅಂತರ ಬೇಕಾಗಲ್ಲ. ಕೆಪಾಸಿಟರ್ ಹಾಗೇ ಇರಲಿ.

ಕಪ್ಪು ಪ್ರೋಬ್

ಆಗುತ್ತೆ, ಆದರೆ ನಾನು ಈ ಕೆಲಸಕ್ಕೆ ಅದನ್ನು ಹೇಳಲ್ಲ. ಕೆಳ ತುದಿ 13.1ಕ್ಕೆ ಬಂದಿದೆ. ಲೋ ಡ್ರಾಪ್‌ಔಟ್ ಹಾಕಿದರೂ ಉಳಿಯೋದು ತೀರಾ ಚೂರು ಜಾಗ. ನಾಳೆ ಇನ್ನೊಂದು ಮಾಡ್ಯೂಲ್ ಸೇರಿಸಿದರೆ ಮತ್ತೆ ಇದೇ ಕಥೆ. ಜೊತೆಗೆ ಅಂಥ ಹಲವು ರೆಗ್ಯುಲೇಟರ್‌ಗಳು ಔಟ್‌ಪುಟ್ ಕೆಪಾಸಿಟರ್ ವಿಷಯದಲ್ಲಿ ತುಂಬಾ ನಾಜೂಕು. ತಪ್ಪು ಬಗೆಯದು ಸಿಕ್ಕಿದರೆ ತಾವೇ ಆಸಿಲೇಟ್ ಆಗತೊಡಗುತ್ತವೆ. ಮೂಲದಲ್ಲೇ ನೀರು ಸಾಲದಿದ್ದಾಗ ನಲ್ಲಿ ಬದಲಿಸಿ ಪ್ರಯೋಜನ ಇಲ್ಲ.

ಬೆಸುಗೆ ಕಡ್ಡಿ

ಒಪ್ಪುತ್ತೇನೆ. ಆದರೆ 4700 ಹಾಕಿದ ಮೇಲೂ 14ಕ್ಕಿಂತ ಮೇಲೆ ಉಳಿಯೋದು 0.7 ವೋಲ್ಟ್ ಅಷ್ಟೇ ಅಲ್ವಾ? ಗೋಡೆಯ ಪ್ಲಗ್ಗಿನ ವೋಲ್ಟೇಜ್ ಶೇ. 10 ಇಳಿಯಿತು ಅಂದುಕೊಳ್ಳಿ. ಮೇಲಿನ ತುದಿ 16.1ರಿಂದ 14.4ಕ್ಕೆ ಬರುತ್ತೆ. ಅದರಲ್ಲಿ ರಿಪಲ್ 1.4 ಕಳೆಯಿರಿ, 13. ಮತ್ತೆ ಗರ್ರ್.

ಹಾಗಂತ 10,000 ಮೈಕ್ರೋಫ್ಯಾರಡ್ ತುಂಬೋದೂ ಸರಿಯಲ್ಲ. ಕೆಪಾಸಿಟರ್ ದೊಡ್ಡದಾದಷ್ಟೂ ಅಡಾಪ್ಟರ್‌ನಿಂದ ಕರೆಂಟ್ ಚಿಕ್ಕ ಚಿಕ್ಕ ಜೋರು ಹೊಡೆತಗಳಾಗಿ ಬರುತ್ತೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತೆ. ಕರೆಂಟ್ ಏರುಪೇರು ಇರುವ ಕಡೆ 15 ವೋಲ್ಟ್ ಎಸಿ ಅಡಾಪ್ಟರ್ ಒಳ್ಳೇದು. ಆಗ ಮೇಲಿನ ತುದಿ 20ರ ಆಸುಪಾಸು. ಅದಕ್ಕೆ ತೆರಬೇಕಾದ ಬೆಲೆ ಬಿಸಿ: ಇನ್‌ಪುಟ್ ಸರಾಸರಿ 19 ಇದ್ದರೆ 7 ವೋಲ್ಟ್ ಗುಣಿಸು 0.33, ಅಂದರೆ 2.3 ವ್ಯಾಟ್ ಆ ಒಂದು ಚಿಪ್‌ನಲ್ಲೇ ಸುಡಬೇಕು. ಹೀಟ್‌ಸಿಂಕ್ ಇಲ್ಲದೆ ಆಗಲ್ಲ. ಸುಮ್ನೆ ಬಿಟ್ಟರೆ ಪ್ರತಿ ವ್ಯಾಟ್‌ಗೆ 60 ಡಿಗ್ರಿಯಷ್ಟು ಏರಿ, ತನ್ನನ್ನು ಉಳಿಸಿಕೊಳ್ಳಲು ರೆಗ್ಯುಲೇಟರೇ ಔಟ್‌ಪುಟ್ ಇಳಿಸುತ್ತೆ. ಸ್ವಿಚ್ ಹಾಕಿದಾಗ ಸರಿಯಿದ್ದು ಸ್ವಲ್ಪ ಹೊತ್ತಿನ ಮೇಲೆ ಬೀಳುವ ಪವರ್ ಸಪ್ಲೈ ಕಂಡರೆ ಮೊದಲು ಬಿಸಿಯನ್ನೇ ಅನುಮಾನಿಸಿ.

ಹೀಟ್‌ಸಿಂಕ್ ಹಾಕುವಾಗ ಇದೊಂದು ಖಂಡಿತ ನೆನಪಿರಲಿ. 7812ರ ಲೋಹದ ಬೆನ್ನು ಗ್ರೌಂಡ್. 7912ರ ಬೆನ್ನು ಗ್ರೌಂಡ್ ಅಲ್ಲ, ಅದರ ಇನ್‌ಪುಟ್, ಅಂದರೆ ರೆಗ್ಯುಲೇಟ್ ಆಗದ ಮೈನಸ್. ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ನೇರವಾಗಿ ಬಿಗಿದರೆ ಶಾರ್ಟ್. ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ. ಬಿಗಿದ ಮೇಲೆ ಸ್ವಿಚ್ ಹಾಕುವ ಮುಂಚೆ ಎರಡು ಬೆನ್ನಿನ ನಡುವೆ ಕಂಟಿನ್ಯೂಟಿ (ನೇರ ಸಂಪರ್ಕ) ಇಲ್ಲ ಅಂತ ಮೀಟರಿನಲ್ಲಿ ನೋಡಿ. ಕಾಲುಗಳ ಕ್ರಮವೂ ಬೇರೆ: 7812ಕ್ಕೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, 7912ಕ್ಕೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್.

ಹೊಸ ನಾಬ್

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ 24 ವೋಲ್ಟ್ ಡಿಸಿ ಅಡಾಪ್ಟರ್ ಇದೆ. ಎರಡು 10ಕೆ ರೆಸಿಸ್ಟರ್ ಸರಣಿಯಲ್ಲಿಟ್ಟು ನಡುವಿನ ಜಾಗವನ್ನು ಗ್ರೌಂಡ್ ಅಂತ ತಗೊಂಡರೆ +12, −12 ಸಿಗುತ್ತೆ ಅಲ್ವಾ? ಖಾಲಿ ಇದ್ದಾಗ ಸರಿಯಾಗಿ ಸಿಗುತ್ತಿದೆ. ಮಾಡ್ಯೂಲ್ ಹಾಕಿದ ತಕ್ಷಣ +7, −17 ಆಗುತ್ತಿದೆ.

ಬೆಸುಗೆ ಕಡ್ಡಿ

ತಕ್ಷಣ ಮಾಡ್ಯೂಲ್ ತೆಗೆಯಿರಿ. ನಿಮ್ಮ ಬೋರ್ಡಿನಲ್ಲಿ ಮೈನಸ್ ಕಡೆ 16 ವೋಲ್ಟಿನ ಕೆಪಾಸಿಟರ್ ಇದ್ದರೆ ಅದು ಹೋಗುತ್ತೆ.

ಎರಡು 10ಕೆ ನಡುವಿನ ಜಾಗ 5ಕೆ ರೆಸಿಸ್ಟರಿನ ಹಿಂದೆ ಕೂತ ಗ್ರೌಂಡ್ ಇದ್ದಂತೆ. ಪ್ಲಸ್ ಮತ್ತು ಮೈನಸ್ ಕರೆಂಟ್‌ಗಳ ನಡುವೆ ಒಂದೇ ಒಂದು ಮಿಲಿ ಆಂಪ್ ವ್ಯತ್ಯಾಸ ಬಂದರೂ 5 ವೋಲ್ಟ್ ಜಾರುತ್ತೆ. ನಿಮಗೆ ಬಂದದ್ದು ಅದೇ. ಟಿಎಲ್‌ಇ2426 ಅನ್ನೋ ರೈಲ್ ಸ್ಪ್ಲಿಟರ್ ಚಿಪ್ ಇದೆ. ಅದು ಸುಮಾರು 20 ಮಿಲಿ ಆಂಪ್ ವ್ಯತ್ಯಾಸ ತಡೆಯುತ್ತೆ. ಚಿಕ್ಕ ಗಿಟಾರ್ ಎಫೆಕ್ಟ್ ಪೆಡಲ್‌ಗೆ ಸಾಕು, ಇಡೀ ಸಿಂಥ್‌ಗೆ ಸಾಲದು.

ಇನ್ನೊಂದು ಅಪಾಯವೂ ಇದೆ. ಕೆಲವು ಡಿಸಿ ಅಡಾಪ್ಟರ್‌ಗಳ ಮೈನಸ್ ತಂತಿ ಒಳಗೇ ಅರ್ಥಿಂಗ್‌ಗೆ ಸೇರಿರುತ್ತೆ. ನಿಮ್ಮ ನಡುವಿನ 'ಗ್ರೌಂಡ್' ಮಿಕ್ಸರಿನ ಗ್ರೌಂಡ್‌ಗೆ ಕೇಬಲ್ ಮೂಲಕ ಸೇರಿದ ಕೂಡಲೇ −12 ರೈಲ್ ಪೂರ್ತಿ ಶಾರ್ಟ್ ಆಗುತ್ತೆ. ಗರಗಸ ಅಲೆ ಅವರು ಬಳಸಿದ ಎಸಿ ಅಡಾಪ್ಟರ್ ದಾರಿಯೇ ನಿಮಗೂ ಒಳ್ಳೇದು. ಮೇನ್ಸ್ ಅನ್ನೋದು ಮುಚ್ಚಿದ ಡಬ್ಬಿಯ ಒಳಗೇ ಇರುತ್ತೆ, ನಿಮ್ಮ ಕೈಗೆ ಬರಲ್ಲ. ಮೊದಲ ಸಲ ಕಟ್ಟುವವರು ಯಾರೂ ಮೇನ್ಸ್ ಟ್ರಾನ್ಸ್‌ಫಾರ್ಮರ್‌ನ ವೈರಿಂಗ್‌ಗೆ ಒಬ್ಬರೇ ಕೈ ಹಾಕಬೇಡಿ. ಇದನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ.

ಗರಗಸ ಅಲೆ

4700 ಹಾಕಿದೆ. ಗರ್ರ್ ಪೂರ್ತಿ ಹೋಯಿತು! ಈಗ ಎಲ್ಲ ಲೋಡ್ ಇದ್ದೂ +12.02. ಇನ್‌ಪುಟ್‌ನಲ್ಲಿ ಎಸಿ ರೀಡಿಂಗ್ 0.41.

ಆದರೆ ಎಲ್‌ಎಫ್‌ಓದ ಎಲ್‌ಇಡಿ ಹತ್ತಿದಾಗ ಪಿಚ್ ಜಾರೋದು ಮಾತ್ರ ಇನ್ನೂ ಇದೆ. ಮುಂಚಿಗಿಂತ ಕಡಿಮೆ, ಆದರೂ ಒಂದೇ ಸ್ವರ ಹಿಡಿದಾಗ ಕೇಳುತ್ತೆ. ರೈಲ್ ಎರಡೂ ಅಲುಗಾಡುತ್ತಿಲ್ಲ, ಮೀಟರ್ ಹಾಕಿ ನೋಡುತ್ತಲೇ ಇದ್ದೇನೆ.

ನೆಲದ ತಂತಿ

ಈಗ ಮೂರನೇ ತಂತಿ ನೋಡುವ ಹೊತ್ತು. ಎಲ್ಲರೂ ಪ್ಲಸ್, ಮೈನಸ್ ಅಳೆಯುತ್ತಾರೆ. ಗ್ರೌಂಡ್ ಎಲ್ಲ ಕಡೆ ಸೊನ್ನೆ ಅಂತ ನಂಬಿಬಿಡುತ್ತಾರೆ.

ಮೀಟರನ್ನು 200 ಮಿಲಿ ವೋಲ್ಟ್ ಡಿಸಿ ರೇಂಜ್‌ಗೆ ಹಾಕಿ. ಕಪ್ಪು ಪ್ರೋಬ್ ಪವರ್ ಸಪ್ಲೈಯ ಗ್ರೌಂಡ್‌ನಲ್ಲಿ, ಕೆಂಪು ಪ್ರೋಬ್ ವಿಸಿಓ ಬೋರ್ಡಿನ ಗ್ರೌಂಡ್‌ನಲ್ಲಿ. ಎಲ್‌ಎಫ್‌ಓ ತೀರಾ ನಿಧಾನಕ್ಕೆ ಇಡಿ, ಮೀಟರಿಗೆ ಹಿಡಿಯಲು ಸಮಯ ಸಿಗಲಿ. ಎಲ್‌ಇಡಿ ಹತ್ತಿದಾಗ, ಆರಿದಾಗ ಎಷ್ಟು ಬದಲಾಗುತ್ತೆ ನೋಡಿ. ಮತ್ತೆ ಗ್ರೌಂಡ್ ಹೇಗೆ ಎಳೆದಿದ್ದೀರಿ ಅಂತ ಹೇಳಿ. ಒಂದು ಮಾಡ್ಯೂಲ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಕ್ಕೆ ಅಂತಾನಾ?

ಗರಗಸ ಅಲೆ

ಹೌದು, ಒಂದರಿಂದ ಒಂದಕ್ಕೆ. ತೆಳ್ಳಗಿನ ರಿಬ್ಬನ್ ಕೇಬಲ್ಲಿನ ಒಂದೇ ಎಳೆ. ಕ್ರಮ: ಪವರ್ ಸಪ್ಲೈ, ವಿಸಿಓಗಳು, ಫಿಲ್ಟರ್, ಎಲ್‌ಎಫ್‌ಓ, ಕೊನೆಗೆ ಸೀಕ್ವೆನ್ಸರ್.

ವಿಸಿಓ ಗ್ರೌಂಡ್‌ನಲ್ಲಿ 31 ಮಿಲಿ ವೋಲ್ಟ್ ಇದೆ! ಎಲ್‌ಇಡಿ ಹತ್ತಿದಾಗ 35.

ನೆಲದ ತಂತಿ

ಸರಿ. ಸೀಕ್ವೆನ್ಸರಿನ ಕರೆಂಟೂ ಎಲ್‌ಇಡಿ ಕರೆಂಟೂ ವಾಪಸ್ ಹೋಗುವಾಗ ವಿಸಿಓದ ಗ್ರೌಂಡ್ ಎಳೆಯ ಮೂಲಕವೇ ಹಾದುಹೋಗಬೇಕು. ಎಳೆಯ ರೆಸಿಸ್ಟನ್ಸ್, ಕನೆಕ್ಟರ್‌ಗಳದ್ದೂ ಸೇರಿ, ಕಾಲು ಓಮ್‌ನಿಂದ ಅರ್ಧ ಓಮ್ ಆದರೂ ಸಾಕು. ಎಲ್‌ಇಡಿಯ 10 ರಿಂದ 15 ಮಿಲಿ ಆಂಪ್‌ಗೆ 4 ಮಿಲಿ ವೋಲ್ಟ್ ಬಂದೇ ಬರುತ್ತೆ. 4 ಮಿಲಿ ವೋಲ್ಟ್ ಅಂದರೆ ಸುಮಾರು 5 ಸೆಂಟ್ಸ್ (ಒಂದು ಸೆಂಟ್ ಅಂದರೆ ಸೆಮಿಟೋನ್‌ನ ನೂರನೇ ಒಂದು ಭಾಗ). ಎರಡು ವಿಸಿಓ ಒಂದೇ ಸ್ವರದಲ್ಲಿ ಹಿಡಿದು ಒಂದಕ್ಕೆ ಮಾತ್ರ ಇದು ತಾಗಿದರೆ ಬೀಟಿಂಗ್ (ಹತ್ತಿರದ ಎರಡು ಸ್ವರ ಸೇರಿದಾಗ ಕೇಳುವ ಏರಿಳಿತ) ವೇಗ ಬದಲಾಗೋದು ಚೆನ್ನಾಗಿ ಕೇಳುತ್ತೆ.

1990ರ ದಶಕದ ನಡುವೆ ಡೋಪ್ಫರ್ ಕಂಪನಿಯ ಎ-100 ಮಾಡ್ಯುಲರ್ ಸಿಂಥ್‌ನಿಂದ ಶುರುವಾದ ಯೂರೋರ‍್ಯಾಕ್ ಪದ್ಧತಿಯ 10 ಪಿನ್ ಕನೆಕ್ಟರ್ ನೋಡಿ. ಅದರಲ್ಲಿ −12ಕ್ಕೆ ಎರಡು ಪಿನ್, +12ಕ್ಕೆ ಎರಡು, ಗ್ರೌಂಡ್‌ಗೆ ಆರು. ಅರ್ಧಕ್ಕಿಂತ ಜಾಸ್ತಿ ಗ್ರೌಂಡ್‌ಗೇ ಕೊಟ್ಟಿದ್ದಾರೆ. ಇದು ಸುಮ್ನೆ ಅಲ್ಲ.

ನೀವು ಮಾಡಬೇಕಾದ್ದು ಇಷ್ಟು. ಪವರ್ ಸಪ್ಲೈಯ ಎರಡು ದೊಡ್ಡ ಕೆಪಾಸಿಟರ್ ಸೇರುವ ಜಾಗದ ಪಕ್ಕ, ರೆಗ್ಯುಲೇಟರ್‌ಗಳ ಔಟ್‌ಪುಟ್ ಬದಿಗೆ, ಒಂದೇ ಗ್ರೌಂಡ್ ಬಿಂದು ಆರಿಸಿ. ಅಲ್ಲಿಂದ ಸೀಕ್ವೆನ್ಸರ್‌ಗೆ ಒಂದು ಪ್ರತ್ಯೇಕ ದಪ್ಪ ತಂತಿ, ಎಲ್‌ಎಫ್‌ಓಗೆ ಒಂದು, ವಿಸಿಓಗಳಿಗೆ ಒಂದು. ಹಳೆಯ ಸರಪಣಿಯ ಗ್ರೌಂಡ್ ಎಳೆಯನ್ನು ಅವುಗಳ ನಡುವೆ ತೆಗೆಯಿರಿ. ಎಲ್‌ಇಡಿಯ ರೆಸಿಸ್ಟರನ್ನೂ ದೊಡ್ಡದು ಮಾಡಿ. ಈಗಿನ ಎಲ್‌ಇಡಿಗಳು 2 ಮಿಲಿ ಆಂಪ್‌ಗೇ ಸಾಕಷ್ಟು ಬೆಳಗುತ್ತವೆ. 1ಕೆ ಇದ್ದರೆ 4.7ಕೆ ಹಾಕಿ.

ಬೆಚ್ಚಗಿನ ಚಿಪ್

7805ಕ್ಕೆ +12ರ ಬದಲು ರೆಗ್ಯುಲೇಟ್ ಆಗುವ ಮುಂಚಿನ 15, 16 ವೋಲ್ಟೇ ಕೊಟ್ಟರೆ?

ಕಪ್ಪು ಪ್ರೋಬ್

ಒಳ್ಳೆ ಮಾತು. 7812ರ ಬಿಸಿ ಕಡಿಮೆಯಾಗುತ್ತೆ, ಮೈಕ್ರೋಕಂಟ್ರೋಲರಿನ ಗಲಾಟೆ +12ಕ್ಕೆ ಬರೋದೂ ತಗ್ಗುತ್ತೆ. ಆದರೆ ದೊಡ್ಡ ಕೆಪಾಸಿಟರ್‌ನಿಂದ ಹೋಗುವ ಕರೆಂಟ್ ಅಷ್ಟೇ ಇರುತ್ತೆ, ಹಾಗಾಗಿ ರಿಪಲ್ ಲೆಕ್ಕ ಬದಲಾಗಲ್ಲ. 7805 ಒಂದಕ್ಕೇ 10 ವೋಲ್ಟ್ ಗುಣಿಸು 0.08, ಸುಮಾರು 0.8 ವ್ಯಾಟ್. ಚಿಕ್ಕ ಹೀಟ್‌ಸಿಂಕ್ ಸಾಕು.

ಗರಗಸ ಅಲೆ

ಗ್ರೌಂಡ್ ತಂತಿಗಳನ್ನು ಬೇರೆ ಬೇರೆ ಎಳೆದೆ, ಎಲ್‌ಇಡಿ ರೆಸಿಸ್ಟರ್ ಬದಲಿಸಿದೆ. ವಿಸಿಓ ಗ್ರೌಂಡ್‌ನಲ್ಲಿ ಈಗ 2 ಮಿಲಿ ವೋಲ್ಟ್, ಎಲ್‌ಇಡಿ ಹತ್ತಿದರೂ ಆರಿದರೂ ಮೀಟರ್ ಅಲುಗಲ್ಲ. ಸ್ವರ ಗಟ್ಟಿ ನಿಂತಿದೆ. ತುಂಬಾ ಖುಷಿಯಾಯಿತು.

ಕೊನೆಯದಾಗಿ ಒಂದು. ಅಪರೂಪಕ್ಕೆ ಸ್ವಿಚ್ ಹಾಕಿದಾಗ −12 ಬರಲ್ಲ. ಅಲ್ಲಿ +0.6ರಷ್ಟು ತೋರಿಸುತ್ತೆ. ಆರಿಸಿ ಮತ್ತೆ ಹಾಕಿದರೆ ಸರಿಯಾಗುತ್ತೆ. ಇದು ಬೇರೆ ರೋಗನಾ? ಮತ್ತೆ ವಿಸಿಓಗಳನ್ನು ಮೊದಲಿಂದ ಟ್ಯೂನ್ ಮಾಡಬೇಕಾ?

ಬೆಸುಗೆ ಕಡ್ಡಿ

ಬೇರೆಯದೇ. ಪ್ಲಸ್ ಮೊದಲು ಎದ್ದರೆ ಮಾಡ್ಯೂಲ್‌ಗಳ ಮೂಲಕ ಹರಿದ ಕರೆಂಟ್ ಮೈನಸ್ ರೈಲನ್ನು ಗ್ರೌಂಡ್‌ಗಿಂತ ಮೇಲಕ್ಕೆ ಎಳೆಯುತ್ತೆ. ಔಟ್‌ಪುಟ್ ಉಲ್ಟಾ ಆದ 7912 ಹಾಗೇ ಸಿಕ್ಕಿಹಾಕಿಕೊಳ್ಳುತ್ತೆ. ಎರಡೂ ಔಟ್‌ಪುಟ್‌ಗೆ ಒಂದೊಂದು ಡಯೋಡ್ ಹಾಕಿ. +12ರಲ್ಲಿ ಪಟ್ಟಿ ಇರುವ ತುದಿ +12ಕ್ಕೆ, ಇನ್ನೊಂದು ಗ್ರೌಂಡ್‌ಗೆ. −12ರಲ್ಲಿ ಪಟ್ಟಿ ಇರುವ ತುದಿ ಗ್ರೌಂಡ್‌ಗೆ, ಇನ್ನೊಂದು −12ಕ್ಕೆ. 1ಎನ್4001 ನಡೆಯುತ್ತೆ, ಶಾಟ್ಕಿ ಡಯೋಡ್ ಇದ್ದರೆ ಇನ್ನೂ ಒಳ್ಳೇದು. 7912ರ ಔಟ್‌ಪುಟ್ ಪಕ್ಕದಲ್ಲೇ ಕೆಪಾಸಿಟರ್ ಇದೆಯಾ ಅಂತಲೂ ನೋಡಿ. 7812 ಆ ಕೆಪಾಸಿಟರ್ ಇಲ್ಲದೆಯೂ ಸುಧಾರಿಸುತ್ತೆ, 7912 ಸುಧಾರಿಸಲ್ಲ. ಸಾದಾ ಅಲ್ಯುಮಿನಿಯಂ ಎಲೆಕ್ಟ್ರೋಲೈಟಿಕ್ ಆದರೆ 25 ಮೈಕ್ರೋಫ್ಯಾರಡ್‌ಗೆ ಕಡಿಮೆ ಬೇಡ. 47 ಹಾಕಿ.

ಟ್ಯೂನಿಂಗ್ ಖಂಡಿತ ಮತ್ತೆ ಮಾಡಿ. ನಿಮ್ಮ ಟ್ರಿಮ್ಮರ್‌ಗಳೆಲ್ಲ (ಟ್ಯೂನ್ ಹೊಂದಿಸಲು ಬೋರ್ಡಿನ ಮೇಲಿರುವ ಚಿಕ್ಕ ತಿರುಗುಗಳು) ಕುಸಿದ ರೈಲ್‌ಗೂ ಎತ್ತಿದ ಗ್ರೌಂಡ್‌ಗೂ ಹೊಂದಿಸಿದಂಥವು. ಡಯೋಡ್ ಹಾಕಿ, ಎಲ್ಲ ಮಾಡ್ಯೂಲ್ ಸೇರಿಸಿ, ಅರ್ಧ ಗಂಟೆ ಬಿಸಿಯಾಗಲು ಬಿಡಿ. ಆಮೇಲೆ ಕೆಳಗಿನ ಆಕ್ಟೇವ್‌ನಿಂದ ಸ್ಕೇಲ್ ಟ್ರಿಮ್ (ಒಂದು ವೋಲ್ಟ್‌ಗೆ ಸರಿಯಾಗಿ ಒಂದು ಆಕ್ಟೇವ್ ಬರುವಂತೆ ಹೊಂದಿಸೋದು) ಶುರು ಮಾಡಿ.